ಮೊದಲ ದೀಪಾವಳಿ, ಮೊದಲ ಹಿಮ

ಪೋರ್ಟರ್ ರ್ಯಾಂಚ್, ಲಾಸ್ ಏಂಜಲಿಸ್
12 ಅಕ್ಟೋಬರ್ 2004

ಬೀಗರಾದ ಶ್ರೀ ಗುರುಬಸಪ್ಪನವರಿಗೆ ವೆಂಕಟಾಚಲನ ನಮಸ್ಕಾರಗಳು.

ಕಾಗದದ ಮೂಲೆಗಳಿಗೆ ಕುಂಕುಮ ಹಚ್ಚಿರುವುದನ್ನು ನೋಡಿ ಇದು ಶುಭ ಸಮಾಚಾರವೆಂದು ಆಗಲೇ ತಿಳಿದಿರುತ್ತೀರಿ. ಒಂದು ಫೋನ್ ಮಾಡಿ ಮುಗಿಸೋಣವೆಂದಿದ್ದೆ. "ಬೀಗರನ್ನ ಹಬ್ಬಕ್ಕೆ ಫೋನಲ್ಲಿ ಕರೀತಾರೇನ್ರೀ? ನಮ್ಮ ಕಡೆ ಯಾರೂ ಹಾಗ್ ಮಾಡಿಲ್ಲ" ಎಂದು ಕಲಾವತಿ ಪೆನ್ನು ತಂದು ಕೈಗಿಟ್ಟಳು. ಅದೂ ಒಳ್ಳೆಯದೇ. ಜೂನ್‌ನಲ್ಲಿ ಮದುವೆ ಊಟದ ವಿಷಯಕ್ಕೆ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ.

ಮದುವೆಯಾದ ಮೇಲೆ ಮಕ್ಕಳಿಗೆ ಇದು ಮೊದಲ ದೀಪಾವಳಿ. ನಿಮ್ಮ ಮಗ ಸಂದೀಪನನ್ನೂ ನಮ್ಮ ರಚನಾಳನ್ನೂ ನವೆಂಬರ್ ಹತ್ತರ ಸಂಜೆಯೊಳಗೆ ನಮ್ಮ ಮನೆಗೆ ಕಳುಹಿಸಿಕೊಡಬೇಕು. ಹನ್ನೊಂದು ಗುರುವಾರ ಹೇಗೂ ರಜೆ. ಬೆಳಿಗ್ಗೆ ಎಣ್ಣೆ ಸ್ನಾನ, ಆರತಿ, ಅಳಿಯನಿಗೆ ಉಡುಗೊರೆ. ಸಂಜೆ ನಮ್ಮ ಕನ್ನಡ ಬಳಗದ ನಲವತ್ತು ಜನರಿಗೆ ಊಟ. ನೀವೂ ಸಾವಿತ್ರವ್ವನವರೂ ದಯಮಾಡಿ ಬರಬೇಕು. ಇಲ್ಲಿಯವರೆಲ್ಲ ಅಳಿಯನನ್ನು ನೋಡಬೇಕೆಂದು ಕಾದಿದ್ದಾರೆ.

ಇನ್ನೊಂದು ಮಾತು. ರಚನಾ ತಾಯಿಯೊಡನೆ ಮಾತಾಡುತ್ತಾ ಬಾಯಿ ತಪ್ಪಿ ಹೇಳಿದಳಂತೆ, ನಿಮ್ಮ ಗ್ಯಾರೇಜಿನಲ್ಲಿ ಈಗ ಕಾರಿಗೆ ಜಾಗವಿಲ್ಲ, ಗೋಡೆಯುದ್ದಕ್ಕೂ ಸ್ಕೀಗಳು ನಿಂತಿವೆ ಎಂದು. ಅದೂ ಬೆಟ್ಟದಿಂದ ಜಾರುವ ಸ್ಕೀ ಅಲ್ಲ, ಸಪಾಟು ಹಿಮದ ಮೇಲೆ ನಡೆಯುವ ಸ್ಕೀ. ಬೆಟ್ಟದಿಂದ ಜಾರುವವನು ಕೊನೆಗೆ ಕೆಳಗಾದರೂ ಬಂದು ಮುಟ್ಟುತ್ತಾನೆ. ಕಾಲಿಗೆ ಹಲಗೆ ಕಟ್ಟಿಕೊಂಡು ಮೈಲಿಗಟ್ಟಲೆ ನಡೆದು ಹೊರಟಲ್ಲಿಗೇ ಮರಳುವುದಕ್ಕೆ ಏನೆನ್ನಬೇಕು? ಸ್ಯಾನ್ ಡಿಯಾಗೊದಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ನೀವು ಚಕ್ರದ ಸ್ಕೀ ಕಟ್ಟಿಕೊಂಡು ಸಮುದ್ರದ ದಂಡೆಯಲ್ಲಿ ಅಭ್ಯಾಸ ಮಾಡುತ್ತೀರೆಂದೂ ಕೇಳಿದೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಅದನ್ನು ಇಷ್ಟು ಶಿಸ್ತಾಗಿ ಮಾಡುವವರನ್ನು ನಾನು ಕಂಡಿರಲಿಲ್ಲ. ನಿಮ್ಮ ವಯಸ್ಸಿನವರು ಸಾಯಂಕಾಲ ಒಂದು ಸುತ್ತು ವಾಕಿಂಗ್ ಹೋಗಿ ಬರುತ್ತಾರೆ.

ಮಕ್ಕಳನ್ನು ತಪ್ಪದೆ ಕಳುಹಿಸಿ.

ಇತಿ,
ವೆಂಕಟಾಚಲ


ಮೀರಾ ಮೆಸಾ, ಸ್ಯಾನ್ ಡಿಯಾಗೊ
20 ಅಕ್ಟೋಬರ್ 2004

ವೆಂಕಟಾಚಲ ಅವರಿಗೆ ಶರಣು.

ಕುಂಕುಮದ ಕಾಗದ ಬಂತು. ಸಾವಿತ್ರವ್ವ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟಳು. ಒಳಗಿನ ಮಾತನ್ನು ನಾನು ಅವಳಿಗೆ ಪೂರ್ತಿ ಓದಿ ಹೇಳಲಿಲ್ಲ.

ಮಕ್ಕಳು ಹಬ್ಬಕ್ಕೆ ಬರುವುದಾಗುವುದಿಲ್ಲ. ಈ ವಾರ ಮ್ಯಾಮತ್ ಕಡೆಯ ಬೆಟ್ಟಗಳಲ್ಲಿ ಹಿಮ ಸುರಿದಿದೆ, ಇನ್ನೂ ಸುರಿಯುತ್ತದೆ ಎನ್ನುತ್ತಿದ್ದಾರೆ. ಅಕ್ಟೋಬರಿನಲ್ಲೇ ಇಂಥ ಹಿಮ ಬೀಳುವುದು ಅಪರೂಪ. ಆ ರಜೆಗೆ ಅಲ್ಲಿ ರೂಮು ಬುಕ್ ಮಾಡಿಯಾಗಿದೆ. ಮಕ್ಕಳನ್ನು ಬಯ್ಯಬೇಡಿ, ಇದು ನನ್ನ ಹಟ. ಹಬ್ಬ ಮುಗಿದ ಮೇಲೆ ಒಂದು ಶನಿವಾರ ಅವರನ್ನು ಕಳುಹಿಸುತ್ತೇನೆ. "ಎಣ್ಣಿ ಒಂದೆರಡ್ ವಾರ ತಡಾ ಹಚ್ಚಿಕೊಂಡ್ರ ಹಬ್ಬೇನ್ ಓಡಿ ಹೋಗ್ತದೇನ್ರೀ?" ಎಂದು ಸಾವಿತ್ರವ್ವ ಕೇಳುತ್ತಿದ್ದಾಳೆ.

ಇನ್ನು ನಿಮ್ಮ ಪ್ರಶ್ನೆ. ಹೊರಟಲ್ಲಿಗೇ ಮರಳುವುದಕ್ಕೆ ಏನೆನ್ನಬೇಕು ಎಂದು ಕೇಳಿದ್ದೀರಿ. ನೀವು ದಿನಾ ಬೆಳಿಗ್ಗೆ ಪೋರ್ಟರ್ ರ್ಯಾಂಚ್ ಬಿಟ್ಟು, 405 ಹೆದ್ದಾರಿಯಲ್ಲಿ ನಿಂತಲ್ಲೇ ನಿಂತು, ಟೊರೆನ್ಸ್‌ನ ಆಫೀಸು ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ನಿಂತಲ್ಲೇ ನಿಂತು ಮನೆಗೆ ಮರಳುತ್ತೀರಿ. ಅದಕ್ಕೆ ಏನೆನ್ನುತ್ತಾರೋ ಇದಕ್ಕೂ ಅದನ್ನೇ ಅನ್ನಿ. ನಮ್ಮ ದಾರಿಯಲ್ಲಿ ಗಾಳಿ ಚೆನ್ನಾಗಿರುತ್ತದೆ.

ನೀವು ಅದನ್ನು ಹಲಗೆ ಎಂದಿರಿ. ಕೈಯಲ್ಲಿ ಹಿಡಿದು ನೋಡಿದವರು ಹಾಗೆನ್ನುವುದಿಲ್ಲ. ಬಾಗಿದ ಬೆನ್ನಿನ, ಹಗುರವಾದ ವಸ್ತು ಅದು. ತಳದಲ್ಲಿ, ಪಾದ ಬರುವ ಜಾಗದಲ್ಲಿ ಮಾತ್ರ ಮೀನಿನ ಹುರುಪೆಯಂಥ ಗೀರುಗಳಿರುತ್ತವೆ. ಮೈಭಾರ ಹಾಕಿ ಒತ್ತಿದರೆ ಆ ಹುರುಪೆ ಹಿಮವನ್ನು ಹಿಡಿಯುತ್ತದೆ, ಭಾರ ತೆಗೆದರೆ ಬಿಡುತ್ತದೆ. ಒತ್ತುವುದು, ಜಾರುವುದು, ಇಷ್ಟೇ ಆಟ. ಬೂಟು ಬೆರಳಿನ ತುದಿಯಲ್ಲಿ ಮಾತ್ರ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ತನ್ನ ಪಾಡಿಗೆ ಏಳುತ್ತದೆ. ಬೆಳಗಿನ ಜಾವ ಯಂತ್ರ ಬಂದು ಹಿಮದಲ್ಲಿ ಎರಡು ಜಾಡು ಒತ್ತಿ ಹೋಗಿರುತ್ತದೆ, ನಮ್ಮ ಗದಗಿನ ಎರೆ ಹೊಲದಲ್ಲಿ ಮಳೆ ಮುಗಿದ ಮೇಲೆ ಉಳಿಯುವ ಬಂಡಿ ಜಾಡಿನಂತೆ. ಅದರಲ್ಲಿ ಕಾಲಿಟ್ಟು ಮೊದಲ ಸಲ ಜಾರಿದಾಗ ನನಗೆ ಹುಚ್ಚೇ ಹಿಡಿಯಿತು. ಐವತ್ತೊಂಬತ್ತು ವರ್ಷಕ್ಕೆ ಹುಚ್ಚು ಹಿಡಿಯುವಂಥ ವಸ್ತು ನಿಮ್ಮ ಜೀವನದಲ್ಲಿ ಏನಾದರೂ ಇದೆಯೇ ಎಂದು ಯೋಚಿಸಿ ನೋಡಿ. ಟಿವಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಶರಣು,
ಗುರುಬಸಪ್ಪ


ಪೋರ್ಟರ್ ರ್ಯಾಂಚ್
26 ಅಕ್ಟೋಬರ್ 2004

ಬೀಗರೇ,

ಕುಂಕುಮ ಹಚ್ಚದೆ ಬರೆಯುತ್ತಿದ್ದೇನೆ, ಕಾರಣ ನಿಮಗೆ ಗೊತ್ತು.

ಮೊದಲ ದೀಪಾವಳಿಗೆ ಮಾವನ ಮನೆಗೆ ಬರಲಾಗದ ಅಳಿಯಂದಿರ ಕಥೆ ನಾನೂ ಕೇಳಿದ್ದೇನೆ. ಒಬ್ಬನಿಗೆ ವೀಸಾ ಇರಲಿಲ್ಲ, ಒಬ್ಬನಿಗೆ ಕಾಮಾಲೆಯಾಗಿತ್ತು. ನಡೆಯುವುದಕ್ಕೆ ಹೋದವನು ನಮ್ಮ ವಂಶದಲ್ಲಿ ಇವನೇ ಮೊದಲು. ನಲವತ್ತು ಜನರನ್ನು ಕರೆದಿದ್ದೇನೆ. ಅಳಿಯನೆಲ್ಲಿ ಎಂದರೆ ಏನು ಹೇಳಲಿ? ಅವನ ತಂದೆಗೆ ಅರವತ್ತಕ್ಕೆ ಅರಳುಮರಳು ಒಂದು ವರ್ಷ ಮೊದಲೇ ಬಂತು ಎನ್ನಲೇ?

ಆಯುಧಪೂಜೆಯ ಸುದ್ದಿಯೂ ಬಂತು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವುದು ಎಲ್ಲರಿಗೂ ಗೊತ್ತು. ನೀವು ಚಕ್ರದ ಸ್ಕೀಗೂ ಕುಂಕುಮ ಹಚ್ಚಿ, ಗಾಲಿಗಾಲಿಗೂ ನಿಂಬೆಹಣ್ಣು ಇಟ್ಟು, ಅದರ ಮೇಲೆ ನಿಂತು ಮುಂದಕ್ಕೆ ತಳ್ಳಿ, ಡ್ರೈವ್‌ವೇಯಲ್ಲಿ ಅಂಗಾತ ಬಿದ್ದಿರಂತೆ. ಎದುರು ಮನೆಯ ಅಮೆರಿಕನ್ ಹೆಂಗಸು ಓಡಿ ಬಂದು ಅಂಬುಲೆನ್ಸ್ ಕರೆಯಲೇ ಎಂದು ಕೇಳಿದಳಂತೆ. ನಾನು ಮೂವತ್ತು ವರ್ಷ ವಿಮಾನದ ರೆಕ್ಕೆಯ ಲೆಕ್ಕ ಮಾಡಿದವನು. ನಿಂಬೆಹಣ್ಣು ಅಪ್ಪಚ್ಚಿಯಾಗುವುದಕ್ಕೆ ಕಾರಿನ ಭಾರ ಬೇಕು, ನಿಮ್ಮ ಭಾರಕ್ಕೆ ಅದು ಉರುಳುತ್ತದೆ ಎಂಬುದನ್ನು ಕೇಳಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ.

ನೀವು ಬೇಕಾದಷ್ಟು ಬೀಳಿ. ನನ್ನ ತಕರಾರು ರಚನಾಳ ವಿಷಯಕ್ಕೆ. ಆ ಹುಡುಗಿ ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕೂ ಸ್ವೆಟರ್ ಹುಡುಕುವವಳು. ಹಬ್ಬದ ದಿನ ಅವಳನ್ನು ಬೆಟ್ಟಕ್ಕೆ ಎಳೆದುಕೊಂಡು ಹೋಗಿ, ಯಾವುದೋ ಮೋಟೆಲಿನ ಕಿಟಕಿಯಲ್ಲಿ ಕೂರಿಸಿ, ಅಪ್ಪ ಮಗ ಹೊರಗೆ ಹಲಗೆ ಎಳೆಯುತ್ತಾ ಹೋಗುತ್ತೀರಿ. ಅವಳಿಗೆ ಅದು ಇಷ್ಟವಿಲ್ಲ ಎಂದು ನಿಮ್ಮ ಮುಂದೆ ಹೇಳುವುದಕ್ಕೆ ಸಂಕೋಚ. ನಾನು ಅವಳನ್ನು ಬೆಳೆಸಿದವನು, ನನಗೆ ಗೊತ್ತಾಗುತ್ತದೆ.

ಆದರೂ ಹೆಣ್ಣಿನ ಕಡೆಯವರು ಹಬ್ಬಕ್ಕೆ ಏನೂ ಕೊಡಲಿಲ್ಲ ಎಂಬ ಮಾತು ಬರಬಾರದು. ಅಳಿಯನಿಗೆ ಹಲಗೆಯೇ ಬೇಕಾಗಿದ್ದರೆ ಹಲಗೆಯನ್ನೇ ಕೊಡುತ್ತೇನೆ. ಭಾನುವಾರ ಇಲ್ಲಿಯ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯ ಗಡ್ಡದವನು ಹಾಕಿಕೊಳ್ಳುವವರ ತೂಕ ಎಷ್ಟು, ಎತ್ತರ ಎಷ್ಟು, ಪಾದ ಎಷ್ಟು, ಅನುಭವ ಎಷ್ಟು ಎಂದು ಕೇಳಿದ. ಜಾತಕ ತರಿಸುವವರೂ ಇಷ್ಟು ಕೇಳುವುದಿಲ್ಲ. ತೂಕ ತಪ್ಪಿದರೆ ಆ ಬಾಗಿದ ಬೆನ್ನು ಹಿಮಕ್ಕೆ ಮುಟ್ಟುವುದೇ ಇಲ್ಲವಂತೆ. ದಯವಿಟ್ಟು ಅಳತೆಗಳನ್ನು ಬರೆದು ಕಳುಹಿಸಿ, ಇದೊಂದು ಋಣ ತೀರಿಸಿಬಿಡುತ್ತೇನೆ.

ವೆಂಕಟಾಚಲ


ಮೀರಾ ಮೆಸಾ
30 ಅಕ್ಟೋಬರ್ 2004

ವೆಂಕಟಾಚಲ ಅವರಿಗೆ,

ಬಿದ್ದದ್ದು ನಿಜ. ನಿಂಬೆಹಣ್ಣಿನ ಲೆಕ್ಕದಲ್ಲಿ ನೀವು ಗೆದ್ದಿರಿ. ಇಡೀ ಕಾಗದದಲ್ಲಿ ನಿಮಗೆ ಗೊತ್ತಿದ್ದ ವಿಷಯ ಅದೊಂದೇ ಆದ್ದರಿಂದ ಸಂತೋಷಪಡಿ.

ನಿಮ್ಮ ಉಡುಗೊರೆಯ ಬಗ್ಗೆ. ಕೊಡುವ ಮನಸ್ಸಿದ್ದರೆ ಕೊಡಿ, ಋಣ ತೀರಿಸುವುದಕ್ಕಾದರೆ ಬೇಡ. ಕೊಡುವುದಾದರೆ ಒಳ್ಳೆಯದನ್ನೇ ಕೊಡಿ, ಆದರೆ ಈ ಸಲವೇ ಅದನ್ನು ಹಿಮಕ್ಕೆ ಇಳಿಸುವುದಿಲ್ಲ. ಮೊದಲ ಹಿಮ ತೆಳ್ಳಗಿರುತ್ತದೆ, ಕೆಳಗೆ ಕಲ್ಲುಗಳು ಇಣುಕುತ್ತಿರುತ್ತವೆ. ಆದ್ದರಿಂದ ಬಲ್ಲವರು ಮೈಯೆಲ್ಲ ಗೀರಿದ ಹಳೆಯದೊಂದು ಜೊತೆಯನ್ನು ಈ ದಿನಗಳಿಗೆಂದೇ ಇಟ್ಟುಕೊಂಡಿರುತ್ತಾರೆ. ಕಲ್ಲಿನ ಸ್ಕೀ ಎಂದೇ ಅದರ ಹೆಸರು. ನಮ್ಮ ಗ್ಯಾರೇಜಿನಲ್ಲಿರುವ ಜೊತೆಯ ತಳ ನೋಡಿದರೆ ಅದು ಎಷ್ಟು ಚಳಿಗಾಲ ಕಂಡಿದೆಯೆಂದು ತಿಳಿಯುತ್ತದೆ. ಹೋದ ವಾರ ಅದಕ್ಕೆ ಬಿಸಿ ಇಸ್ತ್ರಿಯಲ್ಲಿ ಮೇಣ ಹಚ್ಚಿ ಕೆರೆದು ಇಟ್ಟಿದ್ದೇವೆ. ಗ್ಯಾರೇಜೆಲ್ಲ ಆ ಮೇಣದ ವಾಸನೆ. ನನಗಂತೂ ಅಗರಬತ್ತಿಗಿಂತ ಅದೇ ಹಿತ, ಸಾವಿತ್ರವ್ವನಿಗೆ ಹೇಳಬೇಡಿ.

ಅಳತೆಗಳು: ಬೂಟು ಯುರೋಪಿನ ಲೆಕ್ಕದಲ್ಲಿ ಮೂವತ್ತೆಂಟು. ಎತ್ತರ ಐದಡಿ ಮೂರಂಗುಲ. ತೂಕ ನೂರಾ ಹದಿನೆಂಟು ಪೌಂಡು. ಅನುಭವದ ಕಾಲಂನಲ್ಲಿ 'ಬಹಳ' ಎಂದು ಬರೆಸಿ. ಯೋಚಿಸಿಯೇ ಬರೆದಿದ್ದೇನೆ, ಅಂಕಿಯಲ್ಲಿ ತಪ್ಪಿಲ್ಲ.

ಗುರುಬಸಪ್ಪ


ಪೋರ್ಟರ್ ರ್ಯಾಂಚ್
2 ನವೆಂಬರ್ 2004

ಗುರುಬಸಪ್ಪನವರೇ,

ಗೇಲಿಗೂ ಒಂದು ಮಿತಿ ಇರಬೇಕು. ಸಂದೀಪ ಆರಡಿ ಎರಡಂಗುಲದ ಆಳು. ಮದುವೆಯಲ್ಲಿ ಅವನಿಗೆ ಮಾಲೆ ಹಾಕುವುದಕ್ಕೆ ರಚನಾಳನ್ನು ಮಣೆಯ ಮೇಲೆ ನಿಲ್ಲಿಸಿದ್ದೆವು. ಅವನ ಬೂಟು ನಮ್ಮ ಬಾಗಿಲಲ್ಲಿದ್ದರೆ ಬೇರೆ ಯಾರ ಚಪ್ಪಲಿಗೂ ಜಾಗವಿರುವುದಿಲ್ಲ. ನಾನು ನಿಮ್ಮ ಅಳತೆ ನಂಬಿ ಸ್ಕೀ ತರಬೇಕು, ಅದು ಅವನ ಹೆಬ್ಬೆರಳಿಗೂ ಹತ್ತಬಾರದು, ನೀವೆಲ್ಲ ಕೂತು ನಗಬೇಕು. ಇದೇ ತಾನೆ ಯೋಚನೆ? ಒಬ್ಬ ಹಿರಿಯ ಮನುಷ್ಯ, ಅದೂ ಬೀಗ, ಇಂಥ ಹುಡುಗಾಟಕ್ಕೆ ಇಳಿಯುತ್ತಾನೆಂದು ನಾನು ಭಾವಿಸಿರಲಿಲ್ಲ. ನೀವು ಮಾಡುವ ವ್ಯಾಯಾಮದಲ್ಲಿ ರಕ್ತವೆಲ್ಲ ಕಾಲಿಗೆ ಇಳಿದು ತಲೆಗೆ ಏನೂ ಉಳಿಯುತ್ತಿಲ್ಲವೆಂದು ಕಾಣುತ್ತದೆ.

ಇಷ್ಟು ಬರೆದು ಊಟಕ್ಕೆ ಎದ್ದಿದ್ದೆ. ನಿಮ್ಮ ಕಾಗದವನ್ನು ಕಲಾವತಿಯ ಮುಂದೆ ಎಸೆದು, ನೋಡು ನಿನ್ನ ಬೀಗರ ಬುದ್ಧಿ ಎಂದೆ. ಅವಳು ಓದಿದಳು. ಮತ್ತೆ ಓದಿದಳು. ಆಮೇಲೆ ಸಾರಿನ ಸೌಟು ಕೆಳಗಿಟ್ಟು, "ಇದು ನಮ್ಮ ರಚನಾದು ಕಣ್ರೀ. ಮದ್ವೆ ಚಪ್ಲಿ ತಂದಿದ್ದು ನಾನೇ ಅಲ್ವಾ? ಮೂವತ್ತೆಂಟೇ" ಎಂದಳು.

ಇದರ ಅರ್ಥವೇನು?

ವೆಂಕಟಾಚಲ


ಮೀರಾ ಮೆಸಾ
5 ನವೆಂಬರ್ 2004

ವೆಂಕಟಾಚಲ ಅವರಿಗೆ,

ನಾನು ಹೇಳುವುದಿಲ್ಲವೆಂದು ಸೊಸೆಗೆ ಮಾತು ಕೊಟ್ಟಿದ್ದೆ. ಹೇಳಲಿಲ್ಲ, ನಿಮ್ಮ ಮನೆಯವರು ಕಂಡುಕೊಂಡರು. ತಾಯಿಗೆ ಮಗಳ ಪಾದ ಗೊತ್ತಿರುತ್ತದೆಂಬ ನಂಬಿಕೆಯಿಂದಲೇ ಆ ಅಂಕಿ ಬರೆದೆ. ನಿಮ್ಮ ಮೇಲೆ ಆ ನಂಬಿಕೆ ಇರಲಿಲ್ಲ.

ಗ್ಯಾರೇಜಿನ ಸ್ಕೀಗಳು ರಚನಾಳವು. ಕಲ್ಲಿನ ಸ್ಕೀ ಅವಳದು, ಚಕ್ರದ ಸ್ಕೀ ಅವಳದು, ಮೇಣದ ಇಸ್ತ್ರಿಯೂ ಅವಳದೇ. ನನ್ನದು ಒಂದೇ ಜೊತೆ, ಅದೂ ಅವಳು ಆರಿಸಿ ಕೊಡಿಸಿದ್ದು. ಡೇವಿಸ್ ಯೂನಿವರ್ಸಿಟಿಯಲ್ಲಿ ಓದುವಾಗ ಕಲಿತಳಂತೆ. ಆಗ ಚಳಿಗಾಲದಲ್ಲಿ ನಿಮಗೆ ಪ್ರಾಜೆಕ್ಟ್ ಇದೆ ಎಂದು ಹೇಳಿ ಹೋಗುತ್ತಿದ್ದದ್ದೆಲ್ಲ ಬೆಟ್ಟಕ್ಕೆ. ಸಂದೀಪನಿಗೆ ಚಳಿ ಎಂದರೆ ಆಗದು. ಮೋಟೆಲಿನ ಕಿಟಕಿಯಲ್ಲಿ ಕೂರುವವನು ಅವನು. ನೀವು ಬೆಳೆಸಿದ ಹುಡುಗಿಯ ಬಗ್ಗೆ ನಿಮಗೆ ಗೊತ್ತಿರುವುದು ಫ್ರಿಜ್ಜಿನ ಬಾಗಿಲಿನ ತನಕ ಮಾತ್ರ.

ನನಗೆ ಕಲಿಸಿದವಳೂ ಅವಳೇ. ಕಳೆದ ಡಿಸೆಂಬರಿನಲ್ಲಿ, ಇನ್ನೂ ನಿಶ್ಚಿತಾರ್ಥವೂ ಆಗಿರಲಿಲ್ಲ. ನಾನು ಹೆಜ್ಜೆ ಹೆಜ್ಜೆಗೂ ಬೀಳುತ್ತಿದ್ದೆ. ಅವಳು ಒಮ್ಮೆಯೂ ನಗಲಿಲ್ಲ. "ಕೆಳಗ್ ನೋಡ್ಬೇಡಿ ಅಂಕಲ್, ಮುಂದೆ ನೋಡಿ. ಬಿದ್ರೆ ಬಿದ್ರಿ, ಅದು ಸ್ನೋ ಅಷ್ಟೇ" ಎನ್ನುತ್ತಿದ್ದಳು. ಈ ಹುಡುಗಿ ನಮ್ಮ ಮನೆಗೆ ಬರಲಿ ದೇವರೇ ಎಂದು ನಾನು ಬೇಡಿಕೊಂಡದ್ದು ಅಲ್ಲಿ, ಹಿಮದಲ್ಲಿ ಕೂತುಕೊಂಡು.

ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ನಾನೂ ಅವಳನ್ನು ಕೇಳಿದ್ದೆ. "ಅಪ್ಪ ನಗ್ತಾರೆ ಮಾವ. ನಗೋದು ಅಷ್ಟೇ ಅಲ್ಲ, ಒಂದು ಹೆಸ್ರಿಡ್ತಾರೆ. ಆಮೇಲೆ ಅದನ್ನ ಮಾಡೋಕೇ ಆಗಲ್ಲ" ಎಂದಳು. ಅವಳು ವಯಲಿನ್ ಕಲಿಯುವಾಗ ಅದಕ್ಕೆ ಬೆಕ್ಕಿನ ಕಾಳಗ ಎಂದಿರಂತೆ, ಬಂದ ನೆಂಟರಿಗೆಲ್ಲ ಹೇಳಿದಿರಂತೆ. ಈಜುವುದಕ್ಕೆ ಎಮ್ಮೆ ಸ್ನಾನ ಎಂದಿರಂತೆ. ಎರಡನ್ನೂ ಬಿಟ್ಟಳು. ಮೂರನೆಯದನ್ನು ಬಿಡುವುದಕ್ಕೆ ಮನಸ್ಸಿಲ್ಲದೆ ಮುಚ್ಚಿಟ್ಟಳು. ನಿಮಗೆ ಅದು ತಮಾಷೆ. ನನಗೆ ತಮಾಷೆ ಎಂದರೆ ಇಬ್ಬರೂ ನಗುವುದು.

ಇನ್ನೂ ಒಂದು ಹೇಳಿಬಿಡುತ್ತೇನೆ. ನಿಮ್ಮ ಕುಂಕುಮದ ಕಾಗದ ದೇವರ ಮುಂದಿತ್ತಲ್ಲ, ದೀಪ ಹಚ್ಚಲು ಹೋದಾಗ ಅವಳು ಅದನ್ನು ಓದಿದಳು. ಹಬ್ಬಕ್ಕೆ ಹೋಗುವುದಿಲ್ಲ ಎಂದದ್ದು ಆಮೇಲೆ. ಹಿಮ ಬರೀ ನೆಪ, ಅದು ಮುಂದಿನ ವಾರವೂ ಇರುತ್ತದೆ. ನಲವತ್ತು ಜನರ ಮುಂದೆ ನೀವು ಅದನ್ನೇ ಮತ್ತೆ ಹೇಳಿ ನಗಿಸುತ್ತೀರೆಂದು ಅವಳಿಗೆ ಭಯ. ಅದನ್ನು ನನ್ನ ತಲೆಯ ಮೇಲೆ ಹಾಕಿಕೊಂಡೆ, ನನ್ನ ತಲೆ ಗಟ್ಟಿ ಇದೆ.

ಒಂದು ಫೋನ್ ಮಾಡಿ. ಏನೂ ಹೆಸರಿಡದೆ, ಹೋಗಿ ಬಾ ಮಗಳೇ ಎನ್ನಿ. ಸ್ಕೀ ಅಲ್ಲೇ ಬಿಸಾಕಿ ನಿಮ್ಮ ಮನೆಗೆ ಬರುತ್ತಾಳೆ. ಅದೂ ಆಗದಿದ್ದರೆ ಮ್ಯಾಮತ್‌ಗೆ ಬನ್ನಿ. ಊರಿನಿಂದ ಮೇಲೆ, ಕೆರೆಗಳ ಹತ್ತಿರದ ದಾರಿಯಲ್ಲಿ ನಾವು ಶುಕ್ರವಾರ ಬೆಳಗಿನಿಂದ ಇರುತ್ತೇವೆ. ಬರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗುರುಬಸಪ್ಪ


ಮೀರಾ ಮೆಸಾ
16 ನವೆಂಬರ್ 2004

ವೆಂಕಟಾಚಲ ಅವರಿಗೆ,

ನಿಮ್ಮಿಂದ ಫೋನೂ ಇಲ್ಲ, ಕಾಗದವೂ ಇಲ್ಲ. ನಲವತ್ತು ಜನರ ಊಟ ಸಾಂಗವಾಗಿ ಆಗಿರಬೇಕು. ಅಳಿಯನ ತಂದೆಯ ಅರಳುಮರಳಿನ ಕಥೆ ಪಾಯಸದ ಜೊತೆ ಚೆನ್ನಾಗಿಯೇ ಇಳಿದಿರುತ್ತದೆ.

ನಮ್ಮ ಪ್ರವಾಸ ಮುಗಿಯಿತು. ಸಾವಿತ್ರವ್ವ ಮೋಟೆಲಿನ ಬಾತ್‌ರೂಮಿನಲ್ಲೇ ಎಲ್ಲರಿಗೂ ಎಣ್ಣೆ ಹಚ್ಚಿ ನೀರು ಹಾಕಿದಳು. ರಚನಾ ಬೆಳಕು ಹರಿಯುವ ಮೊದಲೇ ಹಲ್ಲು ಕಟಕಟಿಸುವ ಚಳಿಯಲ್ಲಿ ಬಾಗಿಲ ಹೊರಗೆ ಕೂತು ಸ್ಕೀ ಒರೆಸುತ್ತಿದ್ದಳು. ನಾವು ಕೆರೆಗಳ ದಾರಿ ಮುಟ್ಟಿದಾಗ ಯಂತ್ರ ಆಗಷ್ಟೇ ಹೋಗಿತ್ತು. ಪೈನ್ ಮರಗಳ ನಡುವೆ ಆ ಎರಡು ಜಾಡಿನ ಮೇಲೆ ಯಾರ ಗುರುತೂ ಬಿದ್ದಿರಲಿಲ್ಲ. ಅವಳು ಕೋಲು ಊರಿ ಒತ್ತಿದರೆ ನಾಲ್ಕು ಮಾರು ಸದ್ದಿಲ್ಲದೆ ಹೋಗುತ್ತಾಳೆ. ನಾನು ಹಿಂದೆ ಬುಸುಗುಟ್ಟುತ್ತಾ ಬಂದೆ. ಬಂಡೆ ಕಂಡಲ್ಲಿ ಕೈಯೆತ್ತಿ ತೋರಿಸಿ ಹೋಗುತ್ತಿದ್ದಳು, ಆಮೇಲೆ ತಿರುವಿನಲ್ಲಿ ಮರೆಯಾದಳು.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ, ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು. ತಿರುವಿನಾಚೆ ಯಾರೋ ಒಬ್ಬ ಮುದುಕ ಜಾಡಿನ ನಟ್ಟ ನಡುವೆ ನಿಂತಿದ್ದನಂತೆ. ಸ್ಕೀ ಇಲ್ಲ. ಉದ್ದನೆಯ ಕರಿ ಕೋಟು, ಆಫೀಸಿನ ಬೂಟು, ಬಾಯಿ ಮೂಗು ಮುಚ್ಚುವ ಮಂಕಿ ಟೋಪಿ, ಮೇಲೆ ಕಪ್ಪು ಕನ್ನಡಕ. ಆ ಕಡೆಯಿಂದ ಬಂದ ದಾರಿಯುದ್ದಕ್ಕೂ ಜಾಡಿನಲ್ಲಿ ಗುಂಡಿ ಗುಂಡಿ ತುಳಿದುಕೊಂಡು ಬಂದಿದ್ದನಂತೆ. ಜಾಡಿನಲ್ಲಿ ನಡೆಯಬಾರದೆಂದು ಅಲ್ಲಿ ಬೋರ್ಡು ಹಾಕಿರುತ್ತಾರೆ. ದಾರಿ ಬಿಡಿ ಎನ್ನಲು ಇವಳು 'ಟ್ರ್ಯಾಕ್, ಟ್ರ್ಯಾಕ್' ಎಂದು ಕೂಗಿದರೂ ಅವನು ಅಲುಗಲಿಲ್ಲ. ಅವನನ್ನು ತಪ್ಪಿಸಲು ಹೋಗಿ ಇವಳು ಬಿದ್ದಳು. ಎದ್ದವಳೇ ಇಂಗ್ಲಿಷಿನಲ್ಲಿ ಚೆನ್ನಾಗಿ ಬೈದಳಂತೆ. ಏನು ಮಹಾರಾಜರ ಸವಾರಿ ಅರಮನೆ ಅಂಗಳದಲ್ಲಿ ಹೊರಟಿದೆಯೋ, ಎಷ್ಟು ಸೊಗಸಾಗಿ ಗುಂಡಿ ತೋಡಿದ್ದೀರಿ, ಇನ್ನೊಂದು ಸುತ್ತು ಬನ್ನಿ, ಆಲೂಗಡ್ಡೆ ನೆಡೋಣ, ಹೀಗೆ. ಅವನು ಪಕ್ಕದ ಹಿಮಕ್ಕೆ ಇಳಿದು ಮೊಣಕಾಲುದ್ದ ಹೂತು ನಿಂತನಂತೆ.

ಆಲೂಗಡ್ಡೆಗೆ ಸಂದೀಪ ನಕ್ಕ, ನಾನೂ ನಕ್ಕೆ. ಅವಳೂ ನಗುತ್ತಲೇ ಹೇಳುತ್ತಿದ್ದಳು. ನಡುವೆ ಚಮಚ ಕೆಳಗಿಟ್ಟು ಅಳಲು ಶುರು ಮಾಡಿದಳು. "ಅಪ್ಪನ್ ಥರಾನೇ ಮಾತಾಡ್ದೆ ಮಾವ. ಎಕ್ಸಾಕ್ಟ್ಲಿ ಅದೇ ವಾಯ್ಸ್. ನಂಗೆ ಅಷ್ಟು ಈಸಿಯಾಗಿ ಬಂತು. ಪಾಪ, ಆ ಮನುಷ್ಯ ಏನೂ ಹೇಳ್ಲೇ ಇಲ್ಲ" ಎಂದಳು. ಸಾವಿತ್ರವ್ವ ಬೆನ್ನು ಸವರಿದಳು. ಮರುದಿನ ರಚನಾ ಸ್ಕೀ ಮುಟ್ಟಲಿಲ್ಲ. ಆ ಮುದುಕ ಸಿಕ್ಕಿದರೆ ಸಾರಿ ಹೇಳಬೇಕೆಂದು ಪಾರ್ಕಿಂಗಿನಲ್ಲಿ ಹುಡುಕುತ್ತಾ ಕೂತಳು.

ಇದನ್ನು ಯಾಕೆ ಬರೆದೆನೆಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನಿಮ್ಮ ಮನಸ್ಸು ನೋಯಲಿ ಎಂದೇ ಬರೆದೆ. ಮಗಳಿಗೆ ನೀವು ಏನು ಕೊಟ್ಟಿದ್ದೀರಿ ಎಂದು ನಿಮಗೆ ತಿಳಿಯಬೇಕು. ಇನ್ನು ಮುಂದೆ ಸ್ಕೀ ತರುವ ತೊಂದರೆ ತೆಗೆದುಕೊಳ್ಳಬೇಡಿ.

ಗುರುಬಸಪ್ಪ


ಪೋರ್ಟರ್ ರ್ಯಾಂಚ್
20 ನವೆಂಬರ್ 2004

ಗುರುಬಸಪ್ಪನವರಿಗೆ,

ಆ ಮಂಕಿ ಟೋಪಿಯವನು ನಾನು.

ಗುರುವಾರದ ಊಟ ಆಯಿತು. ಅಳಿಯನೆಲ್ಲಿ ಎಂದು ಎಲ್ಲರೂ ಕೇಳಿದರು. ನಾನು ಕಥೆ ಹೇಳಲಿಲ್ಲ. ಯಾವತ್ತೂ ನಗಿಸುವವನು ಇವತ್ತು ಯಾಕೆ ಸುಮ್ಮನಿದ್ದಾನೆಂದು ಜನ ಕಲಾವತಿಯನ್ನು ಕೇಳಿದರಂತೆ. ಶುಕ್ರವಾರ ಬೆಳಗಿನ ಜಾವ ಎರಡಕ್ಕೇ, ಟೊರೆನ್ಸ್‌ನಲ್ಲಿ ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ ಹೊರಟೆ. ನೀವು ಬರೆದ ಅಳತೆಗೆ ಕೊಂಡ ಸ್ಕೀಯನ್ನು ಕಾರಿನ ಮೇಲೆ ಕಟ್ಟಿದ್ದನ್ನು ಅವಳು ನೋಡಿದಳು. ಮೀಟಿಂಗಿಗೆ ಸ್ಕೀ ಯಾಕೆ ಎಂದು ಅವಳು ಕೇಳಲಿಲ್ಲ, ಫ್ಲಾಸ್ಕಿಗೆ ಕಾಫಿ ತುಂಬಿ ಕೊಟ್ಟಳು.

ನಿಮ್ಮ ಬೆಟ್ಟ ನನಗೆ ಹಿಡಿಸಲಿಲ್ಲ. ಉಸಿರಾಡಲು ಗಾಳಿ ಇಲ್ಲ, ಮುಖದಲ್ಲಿ ಮೂಗು ಇದೆಯೋ ಇಲ್ಲವೋ ತಿಳಿಯದು. ಅಲ್ಲಿ ಸಿಕ್ಕವರೆಲ್ಲ ಬಿಗಿ ಚಡ್ಡಿ ಹಾಕಿಕೊಂಡು, ಎರಡು ಸುತ್ತು ಬಂದದ್ದಕ್ಕೆ ಚಂದ್ರಲೋಕದಿಂದ ಇಳಿದವರ ಹಾಗೆ ಮಾತಾಡುತ್ತಾರೆ. ಬೋರ್ಡನ್ನು ನಾನು ಓದಿದ್ದೆ. ಆದರೆ ಜಾಡು ಬಿಟ್ಟು ಪಕ್ಕಕ್ಕೆ ಕಾಲಿಟ್ಟರೆ ಹೂತುಹೋಗುತ್ತಿತ್ತು, ನಡೆಯಲು ಬೇರೆ ದಾರಿ ಇರಲಿಲ್ಲ. ಇಷ್ಟು ಹೇಳುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.

ರಚನಾ ತಿರುವಿನಿಂದ ಬಂದಳು. ಮೊದಲು ಅವಳೆಂದು ಗೊತ್ತಾಗಲಿಲ್ಲ. ಯಾರೋ ಹುಡುಗಿ, ಎಷ್ಟು ಚೆನ್ನಾಗಿ ಬರುತ್ತಿದ್ದಾಳೆ ಎಂದು ನೋಡುತ್ತಿದ್ದೆ. ಬೆನ್ನು ಸ್ವಲ್ಪ ಮುಂದಕ್ಕೆ, ಒಂದು ಕಾಲು ಹಿಂದೆ ಎದ್ದರೆ ಇನ್ನೊಂದು ಕಾಲು ತಾನಾಗಿ ಹೋಗುತ್ತಿತ್ತು, ಎಲ್ಲೂ ತಡೆಯಿಲ್ಲ. ಗುರುತು ಹತ್ತಿದ ಮೇಲೆ ಕಾಲು ಕದಲಲಿಲ್ಲ. ಅವಳು ಕೂಗಿದ್ದು ಕೇಳಿಸಿತು, ಪಕ್ಕಕ್ಕೆ ಸರಿಯಬೇಕೆಂದು ಹೊಳೆಯಲೇ ಇಲ್ಲ. ಇಪ್ಪತ್ತಾರು ವರ್ಷದ ಮಗಳನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವೆನ್ನಿಸಿತು.

ಬಿದ್ದಳು. ಎತ್ತಲು ಕೈ ಚಾಚಿದೆ, ಅಷ್ಟರಲ್ಲಿ ತಾನೇ ಎದ್ದು ಬೈಯಲು ತೊಡಗಿದಳು. ಮುಗಿಸಲಿ, ಆಮೇಲೆ ಟೋಪಿ ತೆಗೆದು ನಗೋಣವೆಂದಿದ್ದೆ. ಆದರೆ ಅವಳು ಅರಮನೆಯ ಅಂಗಳ ಎಂದಾಗಲೇ ನನಗೆ ಆ ಧ್ವನಿ ಯಾರದೆಂದು ತಿಳಿಯಿತು. ನೀವು ಬರೆದು ತಿಳಿಸಬೇಕಾಗಿರಲಿಲ್ಲ. ಅಷ್ಟು ವರ್ಷ ನಾನು ಆಡುತ್ತಾ ಬಂದದ್ದು ಎದುರಿಗೆ ನಿಂತವರಿಗೆ ಹೇಗೆ ಕೇಳಿಸುತ್ತದೆಂದು ಅವತ್ತೇ ಗೊತ್ತಾದದ್ದು. ಟೋಪಿ ತೆಗೆಯುವ ಧೈರ್ಯ ಬರಲಿಲ್ಲ. ಅವಳು ಹೋದ ಮೇಲೆ ಕಾರಿಗೆ ಬಂದು ಕೂತೆ, ಹಾಗೇ ಮನೆಗೆ ಬಂದೆ. ಸ್ಕೀ ನನ್ನ ಗ್ಯಾರೇಜಿನಲ್ಲಿದೆ, ಮೂವತ್ತೆಂಟರ ಬೂಟೂ ಇದೆ.

ನಿಮ್ಮ ಕಾಗದ ಓದಿದ ಮೇಲೆ ಅವಳಿಗೆ ಫೋನ್ ಮಾಡಿದೆ. ನೀವು ಹೇಳಿದ ಹಾಗೆಯೇ ಮಾತಾಡಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡೇ ಕೂತಿದ್ದೆ. ಅವಳು ಹಲೋ ಎಂದಳು. ನನ್ನ ಬಾಯಿಂದ "ಏನಮ್ಮಾ ಹಿಮಕರಡಿ" ಎಂದು ಬಂತು. ನಾನು ಆಡಿದ್ದಲ್ಲ, ಬಾಯಿ ಆಡಿತು. ಅವಳು "ಅಮ್ಮಂಗೆ ಕೊಡಿ" ಎಂದಳು.

ಬೀಗರೇ, ನಿಮ್ಮ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ನೀವು ಒರಟರು, ನಿಂಬೆಹಣ್ಣಿನ ಮೇಲೆ ನಿಲ್ಲುವವರು. ಆದರೆ ಅವಳು ನಿಮ್ಮ ಮಾತು ಕೇಳುತ್ತಾಳೆ. ಆದ್ದರಿಂದ ಒಂದು ಕೆಲಸ ಮಾಡಿಕೊಡಿ. ಆ ಮುದುಕ ನಿಮಗೆ ಪಾರ್ಕಿಂಗಿನಲ್ಲಿ ಸಿಕ್ಕಿದ್ದನೆಂದು ಹೇಳಿ. ಬೈಸಿಕೊಂಡದ್ದಕ್ಕೆ ಅವನಿಗೆ ಬೇಸರವಿಲ್ಲ, ತಪ್ಪು ಅವನದೇ ಎಂದ ಎನ್ನಿ. ಆ ಹುಡುಗಿ ಬಹಳ ಚೆನ್ನಾಗಿ ಹೋಗುತ್ತಾಳೆ, ನೋಡುತ್ತಾ ನಿಂತು ದಾರಿ ಬಿಡುವುದನ್ನೇ ಮರೆತೆ ಎಂದ ಎನ್ನಿ. ಮಾತು ಇಷ್ಟೇ ಇರಲಿ, ಏನೂ ಸೇರಿಸಬೇಡಿ. ಅದು ನಾನೆಂದು ಮಾತ್ರ ಹೇಳಬೇಡಿ. ಅಪ್ಪ ಹೇಳಿದ ಎಂದರೆ ಅದರಲ್ಲಿ ಕೊಂಕು ಎಲ್ಲಿದೆಯೆಂದು ಹುಡುಕುತ್ತಾಳೆ. ಯಾರೋ ದಾರಿಹೋಕ ಹೇಳಿದ ಎಂದರೆ ನಂಬುತ್ತಾಳೆ.

ವೆಂಕಟಾಚಲ